ಎರಡೂಕಾಲು ಅಡಿ ಎತ್ತರದ ಗಾಡಿಯನ್ನು ಹಿಡಿದ ಸಾಹೇಬರಿಗೆ

ಮಾನ್ಯರೇ,

ಹನ್ನೊಂದು ದಿನಗಳ ಹಿಂದೆ ಇಸಳೂರಿನ ತಿರುವಿನಲ್ಲಿ ತಾವು ಜೀಪಿನಿಂದ ಇಳಿದು ಕಾನೂನನ್ನು ಕಾಪಾಡಿದ ದೃಶ್ಯವನ್ನು ಕಣ್ಣಾರೆ ಕಂಡ, ಅದೇ ತಿರುವಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ಮಡಿವಾಳಪ್ಪನೆಂಬ ನಾನು, ಸುಟ್ಟ ಕಲೆಗಳಿರುವ ಎರಡೂ ಕೈಗಳನ್ನು ಜೋಡಿಸಿ ತಮಗೆ ನಮಸ್ಕರಿಸುತ್ತೇನೆ. ತಮ್ಮ ಕ್ಷೇಮವನ್ನೂ, ತಮ್ಮ ಜೀಪಿನ ಕ್ಷೇಮವನ್ನೂ, ಜೀಪಿನ ಮುಂದಿನ ಗಾಜಿಗೆ ಅಂಟಿಕೊಂಡು ತಮ್ಮೊಡನೆ ದಿನವಿಡೀ ಅಲೆಯುವ ದೇವರ ಕ್ಷೇಮವನ್ನೂ ಬಯಸುತ್ತೇನೆ. ತಮ್ಮ ಹೆಸರನ್ನಾಗಲೀ ಕಚೇರಿಯ ಹೆಸರನ್ನಾಗಲೀ ಇಲ್ಲಿ ಬರೆದಿಲ್ಲ. ಪತ್ರ ಬಹಿರಂಗವಾದರೆ ಸಾಕು, ತಾವು ಆಗಬೇಕಾಗಿಲ್ಲ. ನಾನು ಹುಟ್ಟಿದ್ದು ಹಾವೇರಿ ಕಡೆ. ಏಳನೆಯ ತರಗತಿಯಲ್ಲಿ ಪತ್ರಲೇಖನಕ್ಕೆ ಹತ್ತರಲ್ಲಿ ಒಂಬತ್ತು ಅಂಕ ತೆಗೆದವನು. ಹಾಳೆಯ ಎಡಬದಿಗೆ ಎರಡು ಬೆರಳು ಜಾಗ ಬಿಡಲಿಲ್ಲವೆಂದು ಮಾಸ್ತರರು ಉಳಿದ ಒಂದನ್ನು ಕಳೆದಿದ್ದರು. ಅಂದಿನಿಂದ ನಾನು ಯಾವ ಕೆಲಸ ಮಾಡಿದರೂ ಸ್ವಲ್ಪ ಹೆಚ್ಚಿಗೆ ಬಿಟ್ಟೇ ಮಾಡುತ್ತೇನೆ. ಅದರಿಂದ ಏನಾಯಿತೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ತಮ್ಮ ದೃಷ್ಟಿಯನ್ನು ಹೊಗಳಲು ಅಪ್ಪಣೆಯಾಗಬೇಕು. ಅಂದು ಬೆಳಿಗ್ಗೆ ತಾವು ಅಲ್ಲಿ ನಿಂತಿದ್ದ ಮುಕ್ಕಾಲು ತಾಸಿನಲ್ಲಿ ಮರದ ದಿಮ್ಮಿ ಹೇರಿಕೊಂಡು ಬಲಕ್ಕೆ ವಾಲಿದ ಲಾರಿಯೊಂದು, ಗಂಡ ಹೆಂಡತಿ ಎರಡು ಮಕ್ಕಳು ಮತ್ತು ಒಂದು ಗ್ಯಾಸ್ ಸಿಲಿಂಡರನ್ನು ಹೊತ್ತ ಬೈಕೊಂದು, ನಂಬರ್ ಇರಬೇಕಾದ ಜಾಗದಲ್ಲಿ ‘ಅಪ್ಪನ ಆಶೀರ್ವಾದ’ ಎಂದು ಬರೆಸಿಕೊಂಡ ಕಾರೊಂದು ತಮ್ಮ ಮುಂದೆಯೇ ಹಾದುಹೋದವು. ಇಂಥ ಕ್ಷುಲ್ಲಕ ಸಂಗತಿಗಳಿಂದ ವಿಚಲಿತರಾಗದೆ ತಾವು, ಎರಡೂಕಾಲು ಅಡಿ ಎತ್ತರದ, ಸೈಕಲ್ಲಿಗಿಂತ ತುಸು ಜೋರಾಗಿ ಓಡುವ, ಕೆಂಪು ಬಣ್ಣದ ಪುಟ್ಟ ಮೋಟಾರು ಗಾಡಿಯೊಂದನ್ನು ದೂರದಿಂದಲೇ ಗುರುತಿಸಿ ಕೈ ಅಡ್ಡ ಹಿಡಿದಿರಿ. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುತ್ತದೆ ಗಾದೆ. ತಾವು ಕ್ರಮ ತಪ್ಪಿಸದೆ ಅಡಿಕೆಯಿಂದ ಶುರು ಮಾಡಿದ್ದೀರಿ, ಆನೆಯ ಸರದಿ ತಮ್ಮ ನಿವೃತ್ತಿಯೊಳಗೆ ಬರಲೆಂದು ಹಾರೈಸುತ್ತೇನೆ.

ಆ ಗಾಡಿಯ ಮೇಲಿದ್ದವರು ಪ್ರತಿಭಾ. ಎದುರಿಗೆ ನಾನು ಅವರನ್ನು ‘ತಂಗಿ’ ಎಂದು ಏಕವಚನದಲ್ಲೇ ಕರೆಯುವವನು. ಆದರೆ ತಾವು ಅಂದು ಅವರನ್ನು “ಏ ಪುಟ್ಟಿ, ಇಳಿ ಕೆಳಗೆ” ಎಂದು ಕರೆದ ಕಾರಣ ಈ ಪತ್ರದುದ್ದಕ್ಕೂ ಬಹುವಚನವನ್ನೇ ಬಳಸಲು ತೀರ್ಮಾನಿಸಿದ್ದೇನೆ. ಅವರಿಗೆ ಮೂವತ್ತೆಂಟು ವರ್ಷ. ಎತ್ತರ ಮೂರೂವರೆ ಅಡಿ. ಸಿರಸಿ ಪೇಟೆಯಲ್ಲಿ ಹದಿನಾರು ವರ್ಷಗಳಿಂದ ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಿದ್ದಾರೆ. ಈ ಸೀಮೆಯ ಮದುವೆಗಳಲ್ಲಿ ಕಾಣುವ ಚೆಂದದ ರವಿಕೆಗಳಲ್ಲಿ ಬಹಳಷ್ಟು ಅವರ ಕೈಯವು. ಇಷ್ಟೆಲ್ಲ ಇದ್ದೂ, ಪ್ರತಿದಿನ ಬೆಳಿಗ್ಗೆ ಅವರು ಬಸ್ಸು ಹತ್ತುವುದೆಂದರೆ ಬೇರೊಬ್ಬರು ಎತ್ತುವುದು ಎಂದೇ ಅರ್ಥ. ಮೊದಲ ಮೆಟ್ಟಿಲು ಅವರ ಸೊಂಟದ ಹತ್ತಿರಕ್ಕೆ ಬರುತ್ತದೆ. ಕಂಡಕ್ಟರು ಒಳ್ಳೆಯವನು, ಅದೇ ತೊಂದರೆ. ಅವರು ಬೇಡವೆನ್ನುವುದರೊಳಗೆ ಕಂಕುಳಿಗೆ ಕೈ ಹಾಕಿ ಹೂವಿನ ಬುಟ್ಟಿಯಂತೆ ಎತ್ತಿ ಮೇಲಿಟ್ಟು, ಉಳಿದವರ ಕಡೆ ತಿರುಗಿ ನಗುತ್ತಿದ್ದ.

ಸರ್ಕಾರ ಏನೂ ಮಾಡಲಿಲ್ಲವೆಂದು ನಾನು ಹೇಳಿದರೆ ನಾಲಿಗೆ ಬಿದ್ದೀತು. ಐದು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ಹಾರ ಹಾಕಿ ಅವರಿಗೊಂದು ದೊಡ್ಡ ಸ್ಕೂಟರ್ ಕೊಟ್ಟರು. ಅದಕ್ಕೆ ಹಿಂದೆ ಎರಡು ಹೆಚ್ಚುವರಿ ಚಕ್ರಗಳಿದ್ದವು. ಎತ್ತರ ಸಾಲದವರಿಗೆ ಚಕ್ರ ಸಾಲದೆಂದು ಯಾರಿಗೆ ಹೊಳೆಯಿತೋ ಆ ಮಹಾನುಭಾವರಿಗೆ ನಮಸ್ಕಾರ. ಫೋಟೋ ತೆಗೆಸಲು ಸೀಟಿನ ಮೇಲೆ ಅವರನ್ನು ಎತ್ತಿಯೇ ಕೂರಿಸಿದ್ದರು. ಈಗ ಆ ಸ್ಕೂಟರಿನ ಮುಂದಿನ ಬುಟ್ಟಿಯಲ್ಲಿ ಅವರ ಮನೆಯ ಕೋಳಿ ಮೊಟ್ಟೆ ಇಡುತ್ತದೆ. ಆ ಯೋಜನೆಯ ಫಲಾನುಭವಿ ಯಾರೆಂದು ಕೇಳಿದರೆ ನಾವು ಕೋಳಿಯನ್ನೇ ತೋರಿಸಬೇಕು.

ಹೀಗಿರಲು ಹೋದ ವರ್ಷ ಚೌತಿ ಮುಗಿದ ಮರುವಾರ ಅವರು ನನ್ನ ಅಂಗಡಿಗೆ ಬಂದು, ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ತೆಗೆದು ನನ್ನ ಕೈಗಿಟ್ಟು, “ಮಡಿವಾಳಣ್ಣ, ಊರಿಗೆಲ್ಲ ಅವರವರ ಅಳತೆಗೆ ಹೊಲ್ದು ಕೊಡ್ತೆ ನಾನು. ನನ್ನ ಅಳತೆದು ಅಂತ ಎಂತದೂ ಇಲ್ಲ. ಒಂದು ಗಾಡಿ ಮಾಡಿಕೊಡಿ” ಎಂದರು. ನಾನು “ಮಾಡೂಣ ತಗೊ ತಂಗಿ” ಎಂದುಬಿಟ್ಟೆ. ಬಾಯಿ ಜಾರಿದ ಮೇಲೆ ಕೈ ಕೆಲಸ ಮಾಡಲೇಬೇಕಲ್ಲ. ಎಂಜಿನ್ ಕೊಟ್ಟವರು ಉಮ್ಮಚಗಿಯ ಸೀತಾರಾಮ ಹೆಗಡೆಯವರು. ಇಪ್ಪತ್ತು ವರ್ಷ ಅಡಿಕೆ ಗೊನೆಗೆ ಔಷಧಿ ಹೊಡೆದು ಸುಸ್ತಾದ ಪಂಪಿನ ಎಂಜಿನ್ ಅದು. ಕೊಡುವಾಗ ಅವರು “ಇದು ನಮ್ಮನೇಲಿ ಒಂದಿನವೂ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ದಿಲ್ಲೆ ಮಾರಾಯಾ, ತಗಂಡು ಹೋಗು” ಎಂದು ಆಶೀರ್ವದಿಸಿದರು. ಚಕ್ರಗಳು ಸಿಮೆಂಟು ಹೊರುವ ಎರಡು ಮುರುಕು ಕೈಗಾಡಿಗಳವು. ಹ್ಯಾಂಡಲ್ ಒಂದು ಮಕ್ಕಳ ಸೈಕಲ್ಲಿನದು. ಸೀಟು ಪ್ರತಿಭಾ ಅವರದೇ ಹಳೆಯ ಹೊಲಿಗೆ ಸ್ಟೂಲಿನದು, ಅದರ ರೆಕ್ಸಿನ್ ಹೊದಿಕೆಯನ್ನು ಅವರೇ ಹೊಲಿದರು. ಮೈಕಟ್ಟಿನ ಪೈಪು ಎಲ್ಲಿಂದ ಬಂತೆಂಬುದನ್ನು ತಮಗೆ ಸಂಬಂಧಪಟ್ಟ ವಿಷಯವಾದ್ದರಿಂದ ಬೇರೆಯಾಗಿ ಬರೆಯುತ್ತೇನೆ.

ಮೊದಲ ಸಲ ಗಾಡಿ ಕೆಟ್ಟುಹೋಯಿತೆಂದು ಒಪ್ಪಿಕೊಳ್ಳುತ್ತೇನೆ. ನೆಲದಿಂದ ಸೀಟಿಗೆ ಹದಿನಾಲ್ಕು ಇಂಚು ಇರಬೇಕಿತ್ತು. ಹೊಲಿಯುವವರು ಬಟ್ಟೆ ಕತ್ತರಿಸುವಾಗ, ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಸ್ವಲ್ಪ ಬಿಟ್ಟೇ ಕತ್ತರಿಸುತ್ತಾರೆ. ಆ ರೂಢಿಯಂತೆ ಪ್ರತಿಭಾ ಅವರು ಎರಡು ಇಂಚು ಸೇರಿಸಿ ಹದಿನಾರು ಎಂದು ಚೀಟಿ ಬರೆದುಕೊಟ್ಟರು. ನಾನು ನನ್ನ ಮಾಸ್ತರರನ್ನು ನೆನೆದು, ಉಜ್ಜುವಾಗ ಸವೆದೀತೆಂದು ಇನ್ನೆರಡು ಸೇರಿಸಿ ಹದಿನೆಂಟಕ್ಕೆ ಪೈಪು ಕೊಯ್ದೆ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಇಬ್ಬರಿಗೂ ನಮ್ಮ ನಮ್ಮ ಕಸುಬಿನ ಮೇಲೆ ಅಷ್ಟು ಅಭಿಮಾನ. ಗಾಡಿ ತಯಾರಾಗಿ, ಬಣ್ಣ ಒಣಗಿ, ಅವರು ಕೂರಲು ಬಂದಾಗ ಎರಡೂ ಕಾಲು ಗಾಳಿಯಲ್ಲಿ. “ಅಣ್ಣಾ, ಇದು ಈಗಿಂದಲ್ಲ, ನಾ ಮುಂದಿನ ಜನ್ಮದಲ್ಲಿ ಹೊಡೆಯೂ ಗಾಡಿ. ಹೊಲಿಗೆ ಬಿಚ್ಚಿ ಒಳಗೆ ಹಿಡೀರಿ” ಎಂದರು. ಕಬ್ಬಿಣದ ಹೊಲಿಗೆ ಬಿಚ್ಚಲು ನನಗೆ ಮೂರು ದಿನ ಹಿಡಿಯಿತು.

ಆಯುಧ ಪೂಜೆಯ ದಿನ ಗಾಡಿ ಹೊರಗೆ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ಗಾಡಿಗೆ ಅದನ್ನು ಹತ್ತಲಾಗಲಿಲ್ಲ, ನೆಲ್ಲಿಕಾಯಿ ಇಟ್ಟು ಪೂಜೆ ಮುಗಿಸಿದೆವು. ಪ್ರತಿಭಾ ಅವರು ಒಂದು ಹಿತ್ತಾಳೆ ಗಂಟೆ ತಂದು ಹ್ಯಾಂಡಲಿಗೆ ಕಟ್ಟಿದರು. ತಾವು ಅದನ್ನು ಹಾರ್ನ್ ಎಂದು ತಿಳಿದಿರಿ. ಅದು ಚಂದಗುಳಿಯ ಘಂಟಿಗಣೇಶನಿಗೆ ಹೊತ್ತ ಹರಕೆ. ಒಂದು ವರ್ಷ ಪೂರ್ತಿ ಯಾರ ಕೈಯಲ್ಲೂ ಎತ್ತಿಸಿಕೊಳ್ಳದೆ ಅಂಗಡಿಗೆ ಹೋಗಿ ಬಂದರೆ ಆ ಗಂಟೆಯನ್ನು ಅಲ್ಲಿ ಕಟ್ಟುತ್ತೇನೆಂದು ಅವರು ಬೇಡಿಕೊಂಡಿದ್ದರು. ಗಂಟೆಗೆ ಸುತ್ತಿದ ಕೆಂಪು ಬಟ್ಟೆಯ ಚೂರನ್ನು ಸಂಜೆ ಮನೆಗೆ ಬಂದ ಮೇಲೆ ಬಿಚ್ಚಿಕೊಂಡು ದಿನಕ್ಕೊಂದು ಹೊಲಿಗೆ ಹಾಕುತ್ತಿದ್ದರು. ತಾವು ಕೈ ಅಡ್ಡ ಹಿಡಿದ ಬೆಳಿಗ್ಗೆ ಅದರಲ್ಲಿ ನೂರಾ ತೊಂಬತ್ತೆರಡು ಹೊಲಿಗೆಗಳಿದ್ದವು.

ಈಗ, ಗಾಡಿ ಹಿಡಿದು ತಾವು ಅವರ ಕೈಗಿತ್ತ ವರದಿಯ ವಿಷಯ. ‘ತಯಾರಕರು: ತಿಳಿದುಬಂದಿಲ್ಲ’ ಎಂದು ಬರೆದಿದ್ದೀರಿ. ತಮ್ಮದೇ ಕಚೇರಿಯ ಹಿತ್ತಲಿನಲ್ಲಿ, ಯಾರಿಂದಲೋ ಹಿಡಿದು ತಂದ ಮೊಪೆಡ್ಡುಗಳು ಬಳ್ಳಿ ಹಬ್ಬಿಸಿಕೊಂಡು ಎಂಟು ವರ್ಷ ತಪಸ್ಸು ಮಾಡಿ, ಹೋದ ವರ್ಷದ ಬೇಸಗೆಯಲ್ಲಿ ಗುಜರಿಯೆಂದು ಹರಾಜಾದವು. ಅವುಗಳ ಪೈಪೇ ಈ ಗಾಡಿಯ ಎಲುಬು. ಆದ್ದರಿಂದ ಅರ್ಧ ತಯಾರಕರು ತಾವೇ, ವಿನಯದಿಂದ ಮುಚ್ಚಿಟ್ಟಿದ್ದೀರಿ. ‘ಕಾಲಿನ ಬ್ರೇಕ್ ಇಲ್ಲ’ ಎಂದು ಬರೆದಿದ್ದೀರಿ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದವರ ಕಾಲಿಗೆ, ಒತ್ತಿದರೆ ಮುಂದೆ ಓಡಬೇಕೆಂದು ಮಾತ್ರ ಗೊತ್ತು. ಅಲ್ಲಿ ಬ್ರೇಕ್ ಇಟ್ಟರೆ ನಿಲ್ಲಬೇಕಾದಾಗ ಕಾಲು ಎತ್ತಿಬಿಟ್ಟಾರೆಂದು ಎರಡೂ ಬ್ರೇಕನ್ನು ಕೈಗೇ ಕೊಟ್ಟಿದ್ದೇನೆ. ಅವರು ಇದನ್ನು ಹೇಳಲು ಬಾಯಿ ತೆರೆದಾಗ ತಾವು ಫೋನಿನಲ್ಲಿದ್ದಿರಿ. ಕಡೆಯಲ್ಲಿ ‘ಆಟಿಕೆ ಮಾದರಿಯ ವಾಹನ’ ಎಂದಿದ್ದೀರಿ. ಆ ಆಟಿಕೆ ಓಡಿಸುತ್ತಿದ್ದವರ ತಲೆಯ ಮೇಲೆ ಹೆಲ್ಮೆಟ್ ಇತ್ತು. ಅಂದು ಆ ತಿರುವು ದಾಟಿದ ದ್ವಿಚಕ್ರ ಸವಾರರಲ್ಲಿ ಹೆಲ್ಮೆಟ್ ಹಾಕಿದ್ದವರು ಅವರೊಬ್ಬರೇ.

ಆದರೂ ಗಾಡಿ ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ನೋಂದಣಿಯಿಲ್ಲದ ಗಾಡಿ ರಸ್ತೆಗೆ ಇಳಿಯಬಾರದೆಂದು ನನಗೂ ಗೊತ್ತು, ಅವರಿಗೂ ಗೊತ್ತು. ನೋಂದಣಿಗೆಂದು ಅವರು ಎರಡು ಸಲ ತಮ್ಮ ಕಚೇರಿಗೆ ಬಂದಿದ್ದರು. ಅರ್ಜಿ ಕೊಡುವ ಕಿಟಕಿ ಅವರ ತಲೆಗಿಂತ ಮೇಲಿತ್ತು. ಒಳಗಿನವರು ಬಗ್ಗಿ ನೋಡದೆ, ಎದುರಿಗೆ ಯಾರೂ ಇಲ್ಲವೆಂದುಕೊಂಡು, ಹಿಂದಿನವರನ್ನು ಕರೆದರು. ಕಾನೂನಿನ ಕಣ್ಣಿಗೆ ಅವರು ಮೊದಲ ಬಾರಿ ಬಿದ್ದದ್ದು ತಾವು ಹಿಡಿದ ದಿನವೇ. ಅದಕ್ಕಾಗಿ ಕೃತಜ್ಞತೆಗಳು.

ನನ್ನ ತಕರಾರು ಆಮೇಲಿನದು. ಗಾಡಿಯನ್ನು ಜೀಪಿನ ಹಿಂದಕ್ಕೆ ಹಾಕಿಸಿದ ಮೇಲೆ ತಮಗೆ ಕರುಣೆ ಬಂತು. ಬಂದ ಬಸ್ಸನ್ನು ತಾವೇ ನಿಲ್ಲಿಸಿದಿರಿ. ಅವರು “ಬೇಡ ಸರ್, ನಾ ನಡ್ಕಂಡು ಹೋಗ್ತೆ” ಎಂದರು. ನನ್ನ ಅಂಗಡಿಗೆ ಕೇಳಿಸಿತು, ಪಕ್ಕದಲ್ಲಿದ್ದ ತಮಗೆ ಕೇಳಿಸಲಿಲ್ಲ. ತಾವು ಎರಡೂ ಕೈಗಳಿಂದ ಅವರನ್ನು ಎತ್ತಿ ಬಸ್ಸಿನೊಳಗೆ ಇಟ್ಟಿರಿ. ಯಾರೋ “ಪಾಪ” ಎಂದರು, ಇನ್ಯಾರೋ ಫೋನಿನಲ್ಲಿ ತೆಗೆದುಕೊಂಡರು, ತಮ್ಮ ಒಳ್ಳೆಯತನವನ್ನು ಆ ಸಂಜೆಯೊಳಗೆ ಮೂರು ತಾಲೂಕು ನೋಡಿತು. ಸಾಹೇಬರೇ, ಅಲ್ಲಿ ಐದೂವರೆ ಅಡಿಯ ಹೆಂಗಸೊಬ್ಬಳು ನಿಂತಿದ್ದರೆ ತಾವು ಹೀಗೆ ಮೈಮೇಲೆ ಕೈ ಹಾಕುತ್ತಿದ್ದಿರೇ? ಹಾಕಿದ್ದರೆ ಆ ಬಸ್ಸಿನ ಜನ ತಮ್ಮನ್ನು ಸುಮ್ಮನೆ ಬಿಡುತ್ತಿದ್ದರೇ? ಮೂವತ್ತೆಂಟು ವರ್ಷದ ಹೆಂಗಸು ಬೇಡವೆಂದದ್ದು ಬೇಡವೆಂದೇ ಆಗಲು ಇನ್ನೆಷ್ಟು ಇಂಚು ಬೇಕೆಂದು ತಮ್ಮ ನಿಯಮ ಪುಸ್ತಕದಲ್ಲಿ ನೋಡಿ ತಿಳಿಸಿ. ಆ ಸಂಜೆ ಅವರು ನನ್ನ ಅಂಗಡಿಯ ಮುಂದೆ ಕೂತು, ಗಾಡಿ ಜೀಪಿಗೆ ಏರುವ ಮುಂಚೆ ಗಂಟೆಯಿಂದ ಬಿಚ್ಚಿಟ್ಟುಕೊಂಡಿದ್ದ ಕೆಂಪು ಬಟ್ಟೆಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದರು. ನನಗೆ ಅಳು ಬಂತು, ಬರೆಯಲು ನಾಚಿಕೆಯಿಲ್ಲ. ಅಂದಿನಿಂದ ಅವರು ಬಸ್ಸಿನ ಹತ್ತಿರ ಸುಳಿದಿಲ್ಲ, ಅಂಗಡಿಯ ಬಾಗಿಲೂ ತೆರೆದಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡುವುದೇನೆಂದರೆ, ಗಾಡಿಗೆ ಒಂದು ನಂಬರ್ ಕೊಟ್ಟು ಬಿಟ್ಟುಬಿಡಿ. ಪ್ಲೇಟಿನಲ್ಲಿ ಜಾಗ ಸಾಲದಿದ್ದರೆ ಒಂದೇ ಅಂಕಿ ಸಾಕು. ಅದು ಆಗದಿದ್ದರೆ ರಾಜ್ಯದ ಎಲ್ಲ ಬಸ್ಸುಗಳ ಮೆಟ್ಟಿಲುಗಳನ್ನು ಮುಂದಿನ ಸೋಮವಾರದೊಳಗೆ ಇಳಿಸಿ, ವೆಲ್ಡಿಂಗ್ ನಾನು ಮಾಡಿಕೊಡುತ್ತೇನೆ. ಅದೂ ಕಷ್ಟವೆಂದರೆ ಏಳಡಿಯ ಗಟ್ಟಿ ಆಳೊಬ್ಬನನ್ನು ಹುಡುಕಿ ತರುತ್ತೇನೆ. ಒಂದು ವಾರ, ಪ್ರತಿದಿನ ಬೆಳಿಗ್ಗೆ ಒಂಬತ್ತೂಕಾಲಿಗೆ, ತಮ್ಮ ಕಚೇರಿಯ ಸಿಬ್ಬಂದಿಯೆಲ್ಲ ನೋಡುತ್ತಿರುವಾಗ, ಅವನು ತಮ್ಮ ಕಂಕುಳಿಗೆ ಕೈ ಹಾಕಿ ಎತ್ತಿ ಜೀಪಿನಲ್ಲಿ ಕೂರಿಸಲಿ. “ಪಾಪ” ಎನ್ನಲು ನಾಲ್ಕು ಜನರನ್ನೂ ನಾನೇ ಒದಗಿಸುತ್ತೇನೆ. ಇದ್ಯಾವುದಕ್ಕೂ ಅವಕಾಶವಿಲ್ಲದಿದ್ದರೆ ಗಾಡಿಯನ್ನು ಬಳ್ಳಿ ಹಬ್ಬುವ ಮುಂಚೆಯೇ ಗುಜರಿಯೆಂದು ಹರಾಜು ಹಾಕಿ. ಮತ್ತೆ ತರುತ್ತೇನೆ, ಮತ್ತೆ ಮಾಡುತ್ತೇನೆ, ಈ ಸಲ ಅಳತೆ ಸರಿಯಾಗಿ ಗೊತ್ತಿದೆ. ಗಂಟೆಯನ್ನು ಮಾತ್ರ ಇವತ್ತೇ ಕೊಟ್ಟು ಕಳಿಸಿ, ಅದು ನಮ್ಮದೂ ಅಲ್ಲ, ತಮ್ಮದೂ ಅಲ್ಲ.

ಗಾಡಿ ತಿರುವಿಗೆ ಮರಳುವವರೆಗೂ, ಮರಳಿದ ಮೇಲೂ,
ತಮ್ಮ ವಿಶ್ವಾಸಿ,
ಮಡಿವಾಳಪ್ಪ
ವೆಲ್ಡಿಂಗ್ ಅಂಗಡಿ, ಇಸಳೂರು ತಿರುವು

ವಿ.ಸೂ.: ಪತ್ರವನ್ನು ಪ್ರತಿಭಾ ಅವರಿಗೆ ಓದಿ ಹೇಳಿದೆ. ನನ್ನ ಅಳುವಿನ ವಾಕ್ಯವನ್ನು ಹೊಡೆದುಹಾಕಲು ಹೇಳಿದರು, ನಾನು ಹೊಡೆಯಲಿಲ್ಲ. ಇನ್ನೊಂದನ್ನು ಸೇರಿಸಲು ಹೇಳಿದರು, ಸೇರಿಸುತ್ತಿದ್ದೇನೆ. ಅಂದು ತಾವು ಎತ್ತಿದಾಗ ತಮ್ಮ ಮುಖ ನೋಡಲು ಮನಸ್ಸಾಗದೆ ಅವರು ಕೆಳಗೆ ನೋಡಿದರಂತೆ. ತಮ್ಮ ಪ್ಯಾಂಟು ಎರಡು ಇಂಚು ಉದ್ದವಾಗಿದೆ, ಹಿಮ್ಮಡಿಯ ಕೆಳಗೆ ಸಿಕ್ಕಿ ಅಂಚು ನೂಲು ಬಿಟ್ಟಿದೆ. ಅಂಗಡಿ ಬಾಗಿಲು ತೆರೆದ ದಿನ ಬನ್ನಿ, ಸರಿ ಮಾಡಿಕೊಡುತ್ತಾರೆ. ಹೆಚ್ಚಿನ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಚಿಯೇ ಹೊಲಿಯುತ್ತಾರೆ. ಮನುಷ್ಯ ಯಾವ ವಯಸ್ಸಿನಲ್ಲಿ ಬೆಳೆದಾನೆಂದು ಹೇಳಲಾಗದು. ಅಂಗಿಯ ಅಳತೆಯೂ ಬೇಕಿದ್ದರೆ ಅವರೇ ಸ್ಟೂಲು ಹತ್ತಿ ನಿಲ್ಲುತ್ತಾರೆ. ತಮ್ಮ ಮೈಗೆ ಟೇಪು ತಾಗಿಸುವ ಮುಂಚೆ, ಮುಟ್ಟಬಹುದೇ ಎಂದು ಕೇಳುತ್ತಾರೆ.