ಹುಲುಗಪ್ಪ ಮೈ ಕರಗಿಸಿದ ದಿನ

ಸತ್ಯನಾರಾಯಣಪೇಟೆಯ ದರ್ಜಿ ಹುಲುಗಪ್ಪನ ಮರ್ಯಾದೆಗೆ ಕುತ್ತು ಬಂದದ್ದು ಒಂದು ಅಂಗಿಯ ಗುಂಡಿಯಿಂದ. ಅದೂ ಬೇರೆ ಯಾರೋ ಹಚ್ಚಿದ ಗುಂಡಿಯಲ್ಲ. ಅವನೇ ಕೈಯಾರೆ ನಾಲ್ಕೆಳೆ ದಾರ ಹಾಕಿ ಬಿಗಿದದ್ದು.

ನಲವತ್ತಾರನೆಯ ಇಸವಿಯ ಬೇಸಿಗೆ. ಯುದ್ಧ ಮುಗಿದಿದ್ದರೂ ಬಳ್ಳಾರಿಯಲ್ಲಿ ಜೋಳ ಸಿಗುತ್ತಿದ್ದುದು ಕಂಟ್ರೋಲ್ ಅಂಗಡಿಯಲ್ಲೇ, ಕಾರ್ಡಿಗೆ ಇಷ್ಟು ಎಂದು ತೂಗಿ. ಆ ಭಾನುವಾರ ಬೆಳಿಗ್ಗೆ ಹುಲುಗಪ್ಪ ಒಂದು ತಾಸು ಸಾಲಿನಲ್ಲಿ ನಿಂತು, ವಾರದ ಜೋಳ ತೂಗಿಸಿಕೊಂಡು, ಚೀಲ ಎತ್ತಲು ಬಗ್ಗಿದ. ಹೊಟ್ಟೆಯ ಮೇಲಿನ ಗುಂಡಿ ಹಾರಿ ಅಂಗಡಿಯವನ ತಕ್ಕಡಿಯ ತಟ್ಟೆಗೆ ಬಿದ್ದು ಟಣ್ ಎಂದಿತು.

ಸಾಲಿನವರು ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಸಾಲಿನಲ್ಲಿ ಎದುರುಮನೆಯ ಹಂಪಕ್ಕ ಇದ್ದಳು. ಆಕೆ ಯಾರಿಗೂ ಅಲ್ಲವೆಂಬಂತೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾವೂ ಇದ ಜೋಳ ಉಂಡು ಒಣ ಕಟಿಗಿ ಆಗೇವಿ. ಹುಲುಗಪ್ಪಣ್ಣಗ ಮಾತ್ರ ಗುಂಡಿ ಹಾರೂವಷ್ಟು ಮೈ ಬಂದೈತಿ. ಅದೆಂಗ ಅಂತ ನಮಗೂ ಒಂದಿಷ್ಟು ಹೇಳಿಕೊಡಲಿ."

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕಣ್ಣು ಅವನ ಹೊಟ್ಟೆಯಿಂದ ಚೀಲಕ್ಕೆ, ಚೀಲದಿಂದ ಹೊಟ್ಟೆಗೆ ಓಡಾಡಿದವು. ಅಂಗಡಿಯವನು ಗುಂಡಿಯನ್ನು ಕೈಗೆ ಕೊಡುವ ನೆವದಲ್ಲಿ ಹತ್ತಿರ ಬಾಗಿ, ಈ ಓಣಿಯಲ್ಲಿ ಯಾರೋ ಜೋಳ ಬಚ್ಚಿಟ್ಟಿದ್ದಾರೆಂದು ಹೆಸರಿಲ್ಲದ ಅರ್ಜಿ ಹೋಗಿದೆ, ಸಂಜೆಗೆ ರೇಷನ್ ಇನ್‌ಸ್ಪೆಕ್ಟರ್ ಮನೆ ನೋಡಲು ಬರುತ್ತಾರೆ ಎಂದು ಪಿಸುಗುಟ್ಟಿದ.

"ಯಾರ ಮನಿ ಅಂತ ಅರ್ಜಿಯಾಗ ಬರ್ದಿಲ್ಲಂತ," ಎಂದ. "ಆದ್ರ ನಿನ್ನ ಹೊಟ್ಟಿ ನೋಡಿದ ಮ್ಯಾಲೆ ಅವರು ಇನ್ನೊಂದು ಮನಿಗೆ ಹೋಗಾಂಗಿಲ್ಲ."

ಹುಲುಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅವನು ಉಣ್ಣುತ್ತಿದ್ದುದು ಹೊತ್ತಿಗೆ ಎರಡು ರೊಟ್ಟಿ. ಆರು ರೊಟ್ಟಿ ತಿಂದು ತೇಗುವ ಅವನ ಭಾವಮೈದುನ ಬಿದಿರಿನ ಗಳದ ಹಾಗಿದ್ದ; ಅವನ ಮೇಲೆ ಯಾರೂ ಅರ್ಜಿ ಬರೆಯಲಿಲ್ಲ. ರಾರಾವಿ ಹಳ್ಳಿಯಲ್ಲಿ ಹೊಲ ಮಾಡುತ್ತಿದ್ದ ಹುಲುಗಪ್ಪನ ಅಪ್ಪನದೂ ಇದೇ ಮೈ, ಅಜ್ಜನದೂ ಇದೇ ಮೈ. ಅದಕ್ಕೆ ಇಪ್ಪತ್ತೈದು ವರ್ಷ ಕೈಮಿಷನ್ನಿನ ಮುಂದೆ ಕಾಲು ಮಡಿಸಿ ಕೂತದ್ದೂ ಸೇರಿತ್ತು. ಇನ್ನೊಂದು ಮಾತು ಅವನ ಹೊಟ್ಟೆ ಉರಿಸಿತು. ಓಣಿಯ ಗಂಡಸರೆಲ್ಲರ ಸೊಂಟದ ಅಳತೆ ಅವನಿಗೆ ಗೊತ್ತು. ಯಾರದು ಎಷ್ಟು ಬೆಳೆಯಿತು, ಯಾರು ಉಸಿರು ಬಿಗಿಹಿಡಿದು ಅಳತೆ ಕೊಟ್ಟರು, ಎಲ್ಲ ಗೊತ್ತು. ಒಂದು ದಿನವೂ ಒಬ್ಬರ ಸೊಂಟದ ಸುದ್ದಿ ಇನ್ನೊಬ್ಬರಿಗೆ ಹೇಳಿದವನಲ್ಲ. ಈಗ ಅವನ ಸೊಂಟ ಇಡೀ ಪೇಟೆಯ ಮಾತಾಯಿತು.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಹನುಮಮ್ಮ ಚೀಲ ಇಳಿಸಿಕೊಂಡು, ದಿನಾ ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆಯಿರಿ ಎಂದು ತಾನು ಹೇಳುತ್ತಲೇ ಬಂದಿದ್ದೆ ಎಂದು ಶುರುಮಾಡಿದಳು. ಅಷ್ಟರಲ್ಲಿ ಗರಡಿಮನೆಯ ವಸ್ತಾದ್ ದಾವಲಸಾಬ್ ಬಾಗಿಲಿಗೆ ಬಂದು ನಿಂತಿದ್ದ. ಅರವತ್ತಾದರೂ ಹುರಿಗಟ್ಟಿದ ಮೈಯ ಮನುಷ್ಯ. ಪೇಟೆಯ ಮೂರು ತಲೆಮಾರಿಗೆ ಕುಸ್ತಿ ಕಲಿಸಿದವನು. ಆತ ಹುಲುಗಪ್ಪನ ತೋಳನ್ನು ಎತ್ತಿನ ವ್ಯಾಪಾರಿಯಂತೆ ಒತ್ತಿ ನೋಡಿದ.

"ತಿಂದ ಮೈ ಬ್ಯಾರೆ, ಕುಂತ ಮೈ ಬ್ಯಾರೆ," ಎಂದ. "ನಿಂದು ಕುಂತ ಮೈ. ಸಂಜಿತನಕ ಪೂರಾ ಕರಗಾಂಗಿಲ್ಲ ಖರೆ. ಆದ್ರ ಸಡಿಲ ಆಗತೈತಿ. ಎಲ್ಲಿಂದ ಎಲ್ಲಿಗೆ ಇಳೀತು ಅಂತ ಗೊತ್ತಾಗಬೇಕಲ್ಲ, ಮೊದಲ ತೂಕ ಮಾಡಸು ನಡಿ."

ಹುಲುಗಪ್ಪ ಕಳ್ಳನಲ್ಲ, ಹಾಗಾಗಿ ಕರಗುವ ಅಗತ್ಯವೂ ಇರಲಿಲ್ಲ. ಅದನ್ನೇ ಹೇಳಿದ. ಆದರೆ ನಿರಪರಾಧಿ ಎಂದು ಹೇಳುವ ಬಾಯಿಗಿಂತ ಹೊಟ್ಟೆ ಒಂದು ಗೇಣು ಮುಂದಿತ್ತು. ನಡೆದ.

ಮನುಷ್ಯರನ್ನು ತೂಗುವ ತಕ್ಕಡಿ ಹತ್ತಿರದಲ್ಲಿ ಇರಲಿಲ್ಲ. ಹತ್ತಿಯ ಮಂಡಿಯಲ್ಲಿ ಹತ್ತಿ ತುಂಬಿದ ಅಂಡಿಗೆ ತೂಗುವ ದೊಡ್ಡ ಕಾಟಾ ಇತ್ತು. ಹಮಾಲರು ಅವನನ್ನು ಅದರ ಮೇಲೆ ನಿಲ್ಲಿಸಿ, ಗುಂಡು ಏರಿಸಿ, ಇಪ್ಪತ್ತೈದು ಪೌಂಡಿನ ಮಣದ ಲೆಕ್ಕದಲ್ಲಿ ಒಂಬತ್ತು ಮಣ ಎಂದು ಕೂಗಿದರು. ಮಂಡಿಯ ಗುಮಾಸ್ತ ಅಭ್ಯಾಸಬಲದಿಂದ ಅದನ್ನು ಬರೆದುಕೊಂಡೂಬಿಟ್ಟ.

ಗರಡಿಯಲ್ಲಿ ದಾವಲಸಾಬ್ ಇಪ್ಪತ್ತು ಬಸಕಿ ಹೊಡೆ ಎಂದ. ಕೂತು ಏಳುವುದರಲ್ಲಿ ಕೂರುವ ಅರ್ಧ ಹುಲುಗಪ್ಪನ ಕಸುಬೇ ಆಗಿತ್ತು, ಸಲೀಸಾಗಿ ಆಯಿತು. ಏಳುವ ಅರ್ಧ ಆಗಲಿಲ್ಲ. ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತುವ ಹಾಗೆ ಇಬ್ಬರು ಪೈಲವಾನರು ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿದರು. ಹೀಗೆ ಹನ್ನೊಂದು ಬಸಕಿ ಆದವು. ಹನ್ನೆರಡನೆಯದಕ್ಕೆ ಪೈಲವಾನರು ತಮಗೆ ಸಾಕಾಯಿತು ಎಂದರು. ಆಮೇಲೆ ಗರಡಿಯ ಪದ್ಧತಿಯಂತೆ ವಸ್ತಾದ್ ಅವನಿಗೆ ನೆನೆಸಿದ ಕಡಲೆ, ಬೆಲ್ಲ, ಎರಡು ಚೊಂಬು ಮಜ್ಜಿಗೆ ಕೊಟ್ಟ. ಹಸಿದಿದ್ದ ಹುಲುಗಪ್ಪ ಎಲ್ಲವನ್ನೂ ಮುಗಿಸಿದ. ಮತ್ತೆ ಮಂಡಿಗೆ ಹೋಗಿ ಕಾಟಾ ಹತ್ತಿದಾಗ ಬೆಳಗಿಗಿಂತ ಎರಡು ಸೇರು ಜಾಸ್ತಿ ಬಂತು.

"ಹತ್ತಿಗೂ ನೀರು ಕುಡಿಸಿದ್ರ ಹಿಂಗ ತೂಕ ಬರತೈತಿ," ಎಂದು ಹಮಾಲನೊಬ್ಬ ತನ್ನ ಅನುಭವ ಹೇಳಿದ.

ಮಂಡಿಯ ಬಾಗಿಲಲ್ಲಿ ಅವನನ್ನು ಹಿಡಿದವರು ಅಂಜಿನಪ್ಪ ಮಾಸ್ತರು. ಸಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಕಲಿಸಿ ನಿವೃತ್ತರಾದವರು. ಈಗ ಕಲಿಸಲು ಯಾರೂ ಇಲ್ಲದೆ ಕೈ ತುರಿಸುತ್ತಿತ್ತು. ಗರಡಿ ಮೈ ಬೆಳೆಸುವ ಜಾಗ, ಇಳಿಸುವ ಜಾಗವಲ್ಲ ಎಂದು ದಾವಲಸಾಬನನ್ನು ತರಾಟೆಗೆ ತೆಗೆದುಕೊಂಡು, ಬೊಜ್ಜು ಕರಗುವುದು ಏರು ನಡಿಗೆಯಿಂದ ಮಾತ್ರ ಎಂದು ತೀರ್ಪು ಕೊಟ್ಟರು. ಏರು ಎಂದರೆ ಬಳ್ಳಾರಿಯಲ್ಲಿ ಕೋಟೆ ಗುಡ್ಡ. ಹೊತ್ತು ಆಗಲೇ ಹನ್ನೊಂದಾಗಿತ್ತು. ಆ ಬಿಸಿಲಿಗೆ ಬಳ್ಳಾರಿಯ ನಾಯಿಗಳೂ ನೆರಳು ಬಿಟ್ಟು ಹೊರಗೆ ಬರುವುದಿಲ್ಲ.

ಮಾಸ್ತರು ಕೊಡೆ ಬಿಚ್ಚಿ ಹಿಂದಿನಿಂದ "ಲೆಫ್ಟ್, ರೈಟ್" ಹೇಳುತ್ತ ಬಂದರು. ಹುಲುಗಪ್ಪ ಬರಿತಲೆಯಲ್ಲಿ ಮುಂದೆ ನಡೆದ. ಅರ್ಧ ಗುಡ್ಡಕ್ಕೆ ಅವನ ಉಸಿರು ತಿದಿಯಂತೆ ಸದ್ದು ಮಾಡತೊಡಗಿತು. ಬಾಯಿಂದ ಉಸಿರಾಡಬೇಡ, ಮೂಗಿನಿಂದ ಆಡು ಎಂದರು ಮಾಸ್ತರು. ಮೂಗು ಸಾಲದು ಎಂದು ಹೇಳಲೂ ಅವನಿಗೆ ಬಾಯಿ ಬಿಡುವಿರಲಿಲ್ಲ. ಕಡೆಗೆ ಒಂದು ಬಂಡೆಯ ಮೇಲೆ ಕೂತುಬಿಟ್ಟ. ಕೂತ ಮರುಗಳಿಗೆ, ಬೆಳಗಿನಿಂದ ಯಾರೂ ಕಾಣದ ಚುರುಕಿನಿಂದ ಎದ್ದ. ಬಂಡೆ ರೊಟ್ಟಿ ಸುಡುವ ಹೆಂಚಿನಷ್ಟು ಕಾದಿತ್ತು. ನೋಡು, ಗುಡ್ಡದ ಗುಣ, ಎತ್ತುವವರಿಲ್ಲದೆ ಎದ್ದೆಯಲ್ಲ ಎಂದು ಮಾಸ್ತರು ಸಂತೋಷಪಟ್ಟರು. ಹುಲುಗಪ್ಪ ಹಿಂಭಾಗ ಹಿಡಿದುಕೊಂಡು ಗುಡ್ಡ ಇಳಿದ.

ಮನೆಗೆ ಬಂದು ಗೋಡೆಗೆ ಒರಗಿ ನಿಂತ, ಕೂರುವ ಹಾಗಿರಲಿಲ್ಲ. ಆಗ ಹಂಪಕ್ಕ ಬಂದಳು. ಬೆಳಗಿನ ಮಾತಿಗೆ ಅವಳಿಗೂ ಒಂದಿಷ್ಟು ಕಸಿವಿಸಿಯಾಗಿತ್ತೇನೋ, ಅಥವಾ ಆಗಿರಲಿಲ್ಲವೇನೋ. ಹೇಗೂ ಅವಳ ಕೈಯಲ್ಲಿ ಒಂದು ಜೋಳದ ಚೀಲವಿತ್ತು. ಗಂಡಸರ ಮಾತು ಕೇಳಿ ಸುಮ್ಮನೆ ಬಿಸಿಲಿಗೆ ಬೆಂದೆಯಲ್ಲ ಅಣ್ಣ ಎಂದು ಮರುಗಿದಳು.

"ಬೀಸೂ ಕಲ್ಲು ತಿರುವೋ ಹೆಣಮಗಳು ಒಬ್ಬಾಕೀನರ ದಪ್ಪ ಇದ್ದದ್ದು ನೋಡೀಯೇನು? ತೋಳು, ಬೆನ್ನು, ಹೊಟ್ಟಿ, ಎಲ್ಲಾ ಒಂದ ಸಲ ಕರಗತೈತಿ. ಮನ್ಯಾಗ ನೆಳ್ಳಾಗ ಮಾಡೂ ಕಸರತ್ತು."

ಇದರಲ್ಲಿ ಸತ್ಯವಿತ್ತು. ಎಣ್ಣೆ ಸಿಗದೆ ಪೇಟೆಯ ಹಿಟ್ಟಿನ ಗಿರಣಿ ನಿಂತು ತಿಂಗಳಾಗಿತ್ತು. ಹೆಂಗಸರೆಲ್ಲ ಮನೆಯಲ್ಲೇ ಬೀಸಿ ಬೀಸಿ ಸೊರಗಿದ್ದರು. ಹನುಮಮ್ಮ ಬೀಸುವ ಕಲ್ಲನ್ನು ನಡುಮನೆಗೆ ಎಳೆದು, ಗಂಡನ ಸುಟ್ಟ ಭಾಗಕ್ಕೆಂದು ದಿಂಬು ಹಾಕಿಕೊಟ್ಟಳು. ಅವಳ ಮುಖದಲ್ಲಿ ಇಪ್ಪತ್ತು ವರ್ಷದ ಮೇಲೆ ನ್ಯಾಯ ಸಿಕ್ಕವರ ಕಳೆ ಇತ್ತು.

ಹಂಪಕ್ಕನ ಜೋಳ ಮುಗಿಯುವ ಮೊದಲು ಪಕ್ಕದ ಮನೆಯ ಪಾರಮ್ಮ ತನ್ನ ಚೀಲ ತಂದಳು. ಹಿಂದೆಯೇ ಮದಾರಬೀ ಬಂದಳು. ಅರ್ಧ ತಾಸಿನಲ್ಲಿ ಓಣಿಯ ಹತ್ತು ಮನೆಗಳ ವಾರದ ಜೋಳ ಹುಲುಗಪ್ಪನ ನಡುಮನೆಯಲ್ಲಿ ಗೋಡೆಗೆ ಸಾಲಾಗಿ ನಿಂತಿತು. ಎಲ್ಲರೂ ಅವನ ಆರೋಗ್ಯಕ್ಕಾಗಿಯೇ ತಂದವರು. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಡಗೈಯಲ್ಲೂ ತಿರುವು, ಇಲ್ಲದಿದ್ದರೆ ಒಂದೇ ಕಡೆ ಕರಗುತ್ತದೆ ಎಂದು ಹೇಳುತ್ತ ಎಲೆ ಅಡಿಕೆ ಹಾಕಿಕೊಂಡರು. ಹಿಟ್ಟು ತರಿತರಿಯಾಯಿತು ಎಂದು ಪಾರಮ್ಮ ಎರಡು ಸಲ ವಾಪಸು ಬೀಸಿಸಿದಳು. ಅಂಗಿ ಹೊಲಿದಾಗಲೂ ಇಷ್ಟು ತಪ್ಪು ಹುಡುಕಿಸಿಕೊಂಡವನಲ್ಲ ಹುಲುಗಪ್ಪ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬೆವರಿಗೆ ಹಿಟ್ಟು ಮೆತ್ತಿ ಅವನು ಸುಣ್ಣ ಬಳಿದ ಗೋಡೆಯಂತೆ ಕಂಡ.

ನಾಲ್ಕು ಗಂಟೆಯ ಹೊತ್ತಿಗೆ ಹನುಮಮ್ಮನಿಗೆ ಥಟ್ಟನೆ ಹೊಳೆಯಿತು. ಸಂಜೆ ಇನ್‌ಸ್ಪೆಕ್ಟರ್ ಬರುವವರು. ಅವರು ಬರುವ ಮನೆಯಲ್ಲಿ ಇದೇನು ಹನ್ನೊಂದು ಮನೆಯ ಜೋಳ? ಗಂಡನಿಗೆ ಹೇಳಲು ಬಾಯಿ ತೆರೆದಳು. ಹೊರಗೆ ಕಟ್ಟೆಯ ಮೇಲಿನ ಮಾತು ನಿಂತುಹೋಯಿತು. ಇನ್‌ಸ್ಪೆಕ್ಟರ್ ಸಂಜೆಯವರೆಗೆ ಕಾಯದೆ ಬಂದಿದ್ದರು.

ಓಣಿಯಲ್ಲಿ ಜವಾನನ ಕೆಂಪು ಪಟ್ಟಿ ಕಂಡದ್ದೇ ತಡ, ಕಟ್ಟೆ ಖಾಲಿಯಾಯಿತು. ಒಳಗೆ ಬಂದ ಇನ್‌ಸ್ಪೆಕ್ಟರ್ ಅನಂತಪುರದ ಕಡೆಯವರು, ಸಣ್ಣ ಮೈಯ, ದೊಡ್ಡ ಕನ್ನಡಕದ ಮನುಷ್ಯ. ಗೋಡೆಗುಂಟ ಚೀಲ ನೋಡಿದರು. ಹಿಟ್ಟಿನ ರಾಶಿ ನೋಡಿದರು. ರಾಶಿಯ ನಡುವೆ ಬೆಳ್ಳಗೆ ಕೂತಿದ್ದ ಒಂಬತ್ತು ಮಣವನ್ನು ಬಹಳ ಹೊತ್ತು ನೋಡಿದರು.

"ಏಮಯ್ಯಾ," ಎಂದರು, "ಇದು ಮನೆಯೋ, ಮಂಡಿಯೋ?"

ಹುಲುಗಪ್ಪ ಹೇಳಿದ. ಇದು ಓಣಿಯವರ ಜೋಳ, ತಾನು ಮೈ ಕರಗಿಸಲು ಬೀಸುತ್ತಿದ್ದೇನೆ ಎಂದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅದೇ ಮೊದಲ ಸಲ ಅವನಿಗೇ ಸುಳ್ಳಿನಂತೆ ಕೇಳಿಸಿತು. ಕಳ್ಳ ದಾಸ್ತಾನು ಇಟ್ಟವರು ಹೇಳುವ ಕಾರಣಗಳನ್ನು ತಾನು ಬಹಳ ಕೇಳಿದ್ದೇನೆ, ಇದು ಮಾತ್ರ ಹೊಸದು ಎಂದು ಇನ್‌ಸ್ಪೆಕ್ಟರ್ ಮೆಚ್ಚಿ, ಚೀಲಗಳನ್ನೆಲ್ಲ ಗಾಡಿಗೆ ಹಾಕಲು ಜವಾನನಿಗೆ ಹೇಳಿದರು.

ಹುಲುಗಪ್ಪನನ್ನು ಹಿಡಿದೊಯ್ದಿದ್ದರೆ ಓಣಿ ಬಾಗಿಲ ಸಂದಿಯಿಂದ ನೋಡುತ್ತ ಇರುತ್ತಿತ್ತೇನೋ. ಜೋಳ ಹೋಗುತ್ತದೆ ಎಂದಾಗ ಹತ್ತೂ ಬಾಗಿಲು ತೆರೆದವು. ಹೆಂಗಸರು ಒಳನುಗ್ಗಿ ತಂತಮ್ಮ ಚೀಲ ತಬ್ಬಿಕೊಂಡರು. ಇನ್‌ಸ್ಪೆಕ್ಟರ್ ಕಾರ್ಡು ತರಿಸಿದರು, ಚೀಲಕ್ಕೂ ಕಾರ್ಡಿಗೂ ತಾಳೆ ಹಾಕಿದರು. ಒಂದು ಸೇರೂ ಹೆಚ್ಚು ಬರಲಿಲ್ಲ. ಕಡೆಗೆ ಹುಲುಗಪ್ಪನದೇ ಚೀಲ ಉಳಿಯಿತು, ಅದೂ ಸರಿಯಾಗಿತ್ತು. ಅವನು ಎದೆ ಸೆಟೆಸಿ ನಿಂತ. ಬೆಳಗಿನಿಂದ ಆದ ಅವಮಾನವೆಲ್ಲ ಹಿಟ್ಟಿನಂತೆ ಉದುರಿ ಹೋಯಿತು.

ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯರು. ನಿರಪರಾಧಿಯನ್ನು ಗದರಿಸಿದೆನಲ್ಲ ಎಂದು ಅವರಿಗೆ ನಿಜಕ್ಕೂ ನೋವಾಯಿತು. ಅವನ ಕೈ ಹಿಡಿದು ಅಂಗೈ ತಿರುಗಿಸಿ, ಒಡೆದ ಬೊಬ್ಬೆಗಳನ್ನು ನೋಡಿದರು. ಕಾರ್ಡಿನಲ್ಲಿ ದರ್ಜಿ ಎಂದಿದೆ, ಈ ಕೈ ದರ್ಜಿಯದಲ್ಲವಲ್ಲ ಎಂದರು.

ತನ್ನ ಚೀಲ ಉಳಿದ ಸಂತೋಷದಲ್ಲಿ ಹಂಪಕ್ಕ ಮುಂದೆ ಬಂದಳು. "ಅರಿವಿನೂ ಕಂಟ್ರೋಲಿನಾಗ ಐತಿ, ಹೊಲ್ಯಾಕ ಎಲ್ಲೈತ್ರಿ? ನಮ್ಮ ಓಣಿಗೆಲ್ಲ ಬೀಸಿ ಕೊಡಾವ್ರು ಈಗ ಇವರ ರೀ. ಒಂದು ದುಡ್ಡು ಮುಟ್ಟಾಂಗಿಲ್ಲ."

ಇನ್‌ಸ್ಪೆಕ್ಟರರ ಕನ್ನಡಕದ ಹಿಂದೆ ಕಣ್ಣು ತೇವಗೊಂಡವು. ಹನ್ನೊಂದು ಮನೆಯ ಜೋಳ ಬೀಸುವವನಿಗೆ ಕೂತು ಹೊಲಿಯುವವನ ಪಾಲು ಕೊಡುವುದು ಅನ್ಯಾಯ ಎಂದರು. ಮೈಮುರಿದು ದುಡಿಯುವವರಿಗೆ ಸರ್ಕಾರ ಹೆಚ್ಚಿಗೆ ಜೋಳ ಕೊಡುತ್ತದೆ. ತಾವೇ ಬರೆದುಕೊಡುವುದಾಗಿ ಹೇಳಿ ಲೇಖನಿ ತೆಗೆದು, ಕಾರ್ಡಿನ ಮೇಲೆ ಒತ್ತಿ ಒತ್ತಿ ಬರೆಯತೊಡಗಿದರು. ಬರುವ ವಾರದಿಂದ ಹುಲುಗಪ್ಪನಿಗೆ ಒಂದೂವರೆ ಪಾಲು.

"ಬ್ಯಾಡ್ರಿ," ಎಂದ ಹುಲುಗಪ್ಪ. "ನನಗ ಇರೋದ ಹೆಚ್ಚಾಗೇತ್ರಿ."

ಇನ್‌ಸ್ಪೆಕ್ಟರರ ಲೇಖನಿ ನಿಂತಿತು. ಈ ಕಾಲದಲ್ಲಿ ಜೋಳ ಬೇಡ ಎಂದವನನ್ನು ಅವರು ಕಂಡಿರಲಿಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಅಟ್ಟದ ಕಡೆ ಒಮ್ಮೆ, ನೆಲದ ಕಡೆ ಒಮ್ಮೆ ನೋಡಿದರು. "ಹೆಚ್ಚಾಗಿದೆಯಾ?" ಎಂದು ಮೆಲ್ಲಗೆ ಕೇಳಿದರು. "ಹಾಗಾದರೆ ಅದು ಎಲ್ಲಿದೆ, ತೋರಿಸಯ್ಯ."

ಹುಲುಗಪ್ಪ ಎರಡೂ ಕೈ ಜೋಡಿಸಿ ಒಂದೂವರೆ ಪಾಲು ಒಪ್ಪಿಕೊಂಡ.

ಹೊರಡುವಾಗ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದರು. ದುಡಿಮೆಗೆ ಕೊಟ್ಟ ಪಾಲಾದ್ದರಿಂದ ದುಡಿಮೆ ನಿಲ್ಲಬಾರದು. ಬೀಸುವುದು ಬಿಟ್ಟದ್ದು ತಿಳಿದರೆ ಸುಳ್ಳು ಕಾರ್ಡೆಂದು ಕೇಸಾಗುತ್ತದೆ. ಕೊಟ್ಟ ಜೋಳ ವಾರದೊಳಗೆ ಉಂಡು ತೀರಬೇಕು. ಉಳಿದರೆ ಅದು ಬಚ್ಚಿಟ್ಟ ಲೆಕ್ಕ. ತಾವೇ ಪ್ರತಿ ಭಾನುವಾರ ಬಂದು ಎರಡನ್ನೂ ನೋಡಿಕೊಂಡು ಹೋಗುವುದಾಗಿ ಮಾತುಕೊಟ್ಟು, ಅವನ ಹಿಟ್ಟಿನ ಬೆನ್ನು ತಟ್ಟಿ, ಕೈ ಒರೆಸಿಕೊಳ್ಳುತ್ತ ಹೋದರು.

ಓಣಿಯ ಹೆಂಗಸರು ಯಾವ ದಿನ ಯಾರ ಪಾಳಿ ಎಂದು ಅಲ್ಲೇ ನಿಂತು ಗೊತ್ತುಮಾಡಿದರು. ಮಂಗಳವಾರ ತನಗೇ ಇರಲಿ ಎಂದು ಹಂಪಕ್ಕನೂ ಪಾರಮ್ಮನೂ ಜಗಳ ಕಾದರು. ಹುಲುಗಪ್ಪ ಅದನ್ನು ಕೇಳುತ್ತ ದಿಂಬಿನ ಮೇಲೆ ಕೂತಿದ್ದ. ಹನುಮಮ್ಮ ಒಲೆ ಹಚ್ಚಿ, ಹೊಸ ಹಿಟ್ಟು ನಾದಿ, ಬಿಸಿಬಿಸಿ ಮೂರನೆಯ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

"ಎರಡು ಸಾಕಲ್ಲ," ಎಂದ.

"ಇವತ್ತಿನಿಂದನ ರೂಢಿ ಮಾಡ್ಕೋರಿ," ಎಂದಳು. "ಆಮ್ಯಾಲೆ ಭಾನುವಾರ ಬಂದು ಅವರು ಕೇಳಿದ್ರ ನಾ ಏನು ಹೇಳ್ಲಿ?"