ಅಮ್ಮೀಟರ್ ಮಾಸ್ತರನೂ ಮುನ್ನೂರು ರೊಟ್ಟಿಯೂ

ಕರೆಂಟ್ ಅಳೆಯುವುದು ನನಗೇನು ಹೊಸದಲ್ಲ. ಯಲಬುರ್ಗಾದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಬೋರ್ಡಿನ ಮೇಲೆ ನಾನು ಬರೆದಷ್ಟು ಅಮ್ಮೀಟರುಗಳನ್ನು ಈ ಜಿಲ್ಲೆಯಲ್ಲಿ ಯಾರೂ ಬರೆದಿರಲಿಕ್ಕಿಲ್ಲ. ಅದರಲ್ಲಿ ಒಂದೂ ಸುಟ್ಟಿರಲಿಲ್ಲ!

ಮೊನ್ನೆ ಬಸುರಿ ಮಗಳ ಕುಬಸ. ಹುಲಿಹೈದರದ ಬೀಗರ ಮನೆಗೆ ತವರಿನ ಬುತ್ತಿ ಹೋಗಬೇಕು. ಬುತ್ತಿ ಎಂದರೆ ಮುನ್ನೂರು ಖಡಕ್ ರೊಟ್ಟಿ. ಮೂರು ಗಂಟೆಗೆ ಗಾಡಿ. ರೊಟ್ಟಿ ಕಡಿಮೆ ಬಿದ್ದರೆ ಬೀಗಿತಿ ಮೊಮ್ಮಗನ ಮದುವೆಯವರೆಗೂ ಆಡಿ ತೋರಿಸುತ್ತಾಳೆ. ಇಂಥ ಹೊತ್ತಿನಲ್ಲಿ ನನ್ನ ಹೆಂಡತಿ ಶಾಂತಾಳ ರೊಟ್ಟಿ ಮಷಿನ್ನು ನೂರಾ ಹತ್ತನೇ ರೊಟ್ಟಿಗೇ ಮುಲುಗತೊಡಗಿತು.

“ಮೋಟಾರ್ ರಿಪೇರಿ ಖಾಜಾಗ ಒಂದ್ ಫೋನ್ ಹಚ್ರಿ,” ಎಂದಳು.

“ಆ ಖಾಜಾನ? ನನ್ನ ಕ್ಲಾಸಿನ್ಯಾಗ ಹದಿನೆಂಟು ಮಾರ್ಕ್ಸ್ ತಗೊಂಡಾವ! ನಾ ಇರೂವಾಗ ಅಂವ ಯಾಕ?”

“ನೀವು ಅದೀರಿ ಅಂತನ ಹೇಳಾಕತ್ತೀನ್ರಿ.”

ಇಂಥ ಮಾತಿಗೆ ವಿಜ್ಞಾನಿಗಳು ಉಪಕರಣದಿಂದಲೇ ಉತ್ತರ ಕೊಡುತ್ತಾರೆ. ಆನ್‌ಲೈನಿನಲ್ಲಿ ತರಿಸಿದ್ದ ಹಳದಿ ಡಿಜಿಟಲ್ ಮಲ್ಟಿಮೀಟರ್ ಹೊರಗೆ ತೆಗೆದೆ. ಮಷಿನ್ನು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಗೊತ್ತಾದರೆ ರೋಗವೂ ಗೊತ್ತಾದಂತೆ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡೆ. ಸುರಕ್ಷತೆ ಮುಖ್ಯ! ಕೆಂಪು ವೈರನ್ನು ಹತ್ತು ಆಂಪಿಯರಿನ ತೂತಿಗೆ ಹಾಕಿದೆ, ಗುಂಡಿಯನ್ನು ಆಂಪಿಯರಿಗೆ ತಿರುವಿದೆ. ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತ. ನಂತರ ಮಷಿನ್ನಿನ ಪ್ಲಗ್ ಕಿತ್ತು, ಮೀಟರಿನ ಎರಡೂ ಕಡ್ಡಿಗಳನ್ನು ನೇರವಾಗಿ ಸಾಕೆಟ್ಟಿಗೆ ಚುಚ್ಚಿದೆ. ಮಷಿನ್ನೇ ಇಲ್ಲದೆ ಮಷಿನ್ನಿನ ಕರೆಂಟು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಢಮ್!

ಕಡ್ಡಿಗಳ ತುದಿ ಕರಗಿತು, ಮೀಟರಿನ ಹೊಟ್ಟೆಯಿಂದ ಹೊಗೆ ಎದ್ದಿತು, ಮನೆಯ ಫ್ಯೂಜ್ ಹಾರಿತು. ಸುಳ್ಳು ಯಾಕೆ ಹೇಳಲಿ, ಜೀವ ಬಾಯಿಗೆ ಬಂದಿತ್ತು.

“ಎಷ್ಟ್ ತೋರಿಸ್ತ್ರೀ ಕರೆಂಟ್?” ಎಂದು ಶಾಂತಾ ಒಳಗಿನಿಂದ ಕೂಗಿದಳು.

“ಇದ್ದದ್ದೂ ಹೋತು!”

ಓಡಿ ಬಂದು ಮೊದಲು ನನ್ನ ಹತ್ತೂ ಬೆರಳು ಎಣಿಸಿ ನೋಡಿದಳು. ಎಲ್ಲವೂ ಇವೆ ಎಂದು ಖಾತ್ರಿಯಾದ ಮೇಲೆ ಬೈಯಲು ಸುರು ಮಾಡಿದಳು. ಖಾಜಾಗೆ ಫೋನನ್ನೂ ತಾನೇ ಹಚ್ಚಿದಳು.

ಖಾಜಾ ಬಂದು, ಕರಗಿದ ಕಡ್ಡಿಯನ್ನು ನೋಡಿ, ಭಾಳ ಮರ್ಯಾದೆಯಿಂದ ಹೇಳಿದ: “ಸರ್, ಕರೆಂಟ್ ಹರಿಯೂ ದಾರ್ಯಾಗ ಮೀಟರ್ ಸೇರಿಸಬೇಕು, ಲೈನಿಗೆ ಅಡ್ಡ ಹಿಡೀಬಾರ್ದು. ಅಮ್ಮೀಟರ್ ಅಡ್ಡ ಬರದೀನಿ ಅಂತ ನೀವು ನನ್ನ ಒಂದ್ ಪೀರಿಯಡ್ ಬೆಂಚ್ ಮ್ಯಾಲ ನಿಂದ್ರಿಸಿದ್ರಿ. ಅವತ್ತಿಂದ ಮರತಿಲ್ರಿ.”

ಫ್ಯೂಜ್ ಡಬ್ಬಿ ಮನೆ ಪಕ್ಕದ ಕತ್ತಲೆ ಸಂದಿಯಲ್ಲಿ, ಎತ್ತರದಲ್ಲಿತ್ತು. ಖಾಜಾ ಏಣಿ ಹತ್ತಿದ. ಶಾಂತಾ ಬೆಂಚ್ ಎಳೆದು ತಂದು, “ಹತ್ರಿ, ಬ್ಯಾಟರಿ ಬೆಳಕು ಹಿಡೀರಿ,” ಎಂದಳು.

ಹತ್ತಿದೆ.

ಖಾಜಾ ಫ್ಯೂಜ್ ಕಟ್ಟಿ ಇಳಿದ, ಮಷಿನ್ನನ್ನು ಮತ್ತೆ ಸುರು ಮಾಡಿದ. ಇಕ್ಕಳದಂಥ ಬಾಯಿಯ ತನ್ನ ಮೀಟರನ್ನು ಮಷಿನ್ನಿನ ಒಂದೇ ವೈರಿಗೆ ಹೊರಗಿನಿಂದಲೇ ಕಚ್ಚಿಸಿ, “ಕರೆಂಟ್ ಜಾಸ್ತಿ ಎಳೀತೈತಿ ಅಕ್ಕಾರ, ರೋಲರಿನ್ಯಾಗ ಹಿಟ್ಟು ಒಣಗಿ ಕುಂತೈತಿ,” ಎಂದ. ಪ್ಲಗ್ ಕಿತ್ತು ಚಾಕುವಿನಿಂದ ಹಿಟ್ಟು ಕೆರೆದ. ಮಷಿನ್ನು ಗರಗರ ತಿರುಗಿತು. ಮುನ್ನೂರು ರೊಟ್ಟಿ ಹೊತ್ತು ಗಾಡಿ ಹೊತ್ತಿಗೆ ಸರಿಯಾಗಿ ಹುಲಿಹೈದರಕ್ಕೆ ಹೊರಟಿತು.

ನಾನು ಸಂದಿಯಲ್ಲಿ ಬ್ಯಾಟರಿ ಹಿಡಿದು ಬೆಂಚಿನ ಮೇಲೆಯೇ ನಿಂತಿದ್ದೆ. ಇಳಿಯಿರಿ ಎಂದು ಯಾರೂ ಹೇಳಿರಲಿಲ್ಲ.