ಕಪಾಟಿನ ಮೇಲಿನ ವಿಮಾನ

ನನ್ನ ಚಿಕ್ಕಮ್ಮನಷ್ಟು ಸಲ ದೋಹಾಕ್ಕೆ ಹಾರಿದವರು ಇಡೀ ಕಾಪುವಿನಲ್ಲಿ ಇನ್ನೊಬ್ಬರಿಲ್ಲ. ಪಾಸ್‌ಪೋರ್ಟ್ ತೋರಿಸಿ ಎನ್ನಬೇಡಿ, ಅದು ಅವರ ಬಳಿ ಇಲ್ಲ!

ವಿಷಯ ಇಷ್ಟೇ. ಚಿಕ್ಕಪ್ಪ ದೋಹಾದಲ್ಲಿ ಕ್ರೇನ್ ನಡೆಸುತ್ತಿದ್ದರು. ರಜೆ ಎರಡು ವರ್ಷಕ್ಕೊಮ್ಮೆ. ನಡುವೆ ಅವರಿಗೆ ಹೆಂಡತಿಯ ಕೈಯಡುಗೆ ಸಿಗಬೇಕಾದರೆ ಊರಿನಿಂದ ಯಾರಾದರೂ ಆ ಕಡೆ ಹೊರಡಬೇಕು, ಒಯ್ದದ್ದು ಹಳಸದೆ ಮುಟ್ಟಬೇಕು. ಹಾಗಾಗಿ ಚಿಕ್ಕಮ್ಮನಿಗೆ ದೋಹಾ ಎಷ್ಟು ಮೈಲಿ ಎಂಬುದು ಬೇಡ, ಎಷ್ಟು ಹೊತ್ತು ಎಂಬುದು ಬೇಕು.

ಒಮ್ಮೆ ನನ್ನನ್ನು ಕರೆದುಕೊಂಡು ಉಡುಪಿಯ ಟಿಕೆಟ್ ಏಜೆನ್ಸಿಗೆ ನುಗ್ಗಿದರು.

"ದೋಹಾಕ್ಕೆ ಎಷ್ಟು ಹೊತ್ತು ಉಂಟು?"

"ಬಜಪೆಯಿಂದ ಮುಂಬೈಗೆ ಒಂದೂಕಾಲು ಗಂಟೆ. ಅಲ್ಲಿ ಕಾಯಬೇಕು. ಮತ್ತೆ ಮೂರೂವರೆ. ಟಿಕೆಟ್ ಯಾರಿಗಮ್ಮಾ?"

"ಪತ್ರೊಡೆಗೆ."

ಕೆಸುವಿನೆಲೆಯ ತಿಂಡಿಯ ಹೆಸರು ಕೇಳಿ ಏಜೆಂಟ್ ಪೆನ್ನು ಕೆಳಗಿಟ್ಟ. ಆದರೂ ಒಳ್ಳೆಯವನು, ಧೈರ್ಯ ಹೇಳಿದ. "ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಿಮಗೆ ಲಾಭ ಅಲ್ವಾ?"

"ಗಡಿಯಾರ ಹಿಂದೆ ಹೋದರೆ ಹುಳಿಯೂ ಹಿಂದೆ ಹೋಗ್ತದಾ ಮಾರಾಯ?"

ಇದಕ್ಕೆ ಯಾವ ವಿಜ್ಞಾನಿ ಉತ್ತರ ಕೊಟ್ಟಾನು!

ತಿಂಡಿಯ ಕಟ್ಟು ಗಟ್ಟಿಯಾಗಿದೆಯೇ ಎಂದು ನೋಡಲು ಅದನ್ನು ನನ್ನ ತೊಡೆಯ ಮೇಲಿಟ್ಟು ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿಬರಲು ಕಳಿಸುತ್ತಿದ್ದರು. "ಆ ರಸ್ತೆಯಲ್ಲಿ ಉಳಿದದ್ದಕ್ಕೆ ಆಕಾಶದಲ್ಲಿ ಎಂತ ಆಗುವುದಿಲ್ಲ!"

ಅವರ ದೊಡ್ಡ ಪದ್ಧತಿ ಇನ್ನೊಂದು. ಮಾಡಿದ ತಿಂಡಿಯನ್ನು ಎರಡು ಕಟ್ಟು ಕಟ್ಟುವುದು: ಒಂದು ಪ್ರಯಾಣಿಕರ ಕೈಗೆ, ಒಂದು ನಮ್ಮ ಕಪಾಟಿನ ಮೇಲೆ. ಬಜಪೆಯಲ್ಲಿ ವಿಮಾನ ಎದ್ದರೆ ಕಪಾಟಿನದ್ದೂ ಎದ್ದ ಹಾಗೆ! ಮಣಿಪಾಲದ ಕಾಲೇಜಿನಿಂದ ಹಸಿದು ಬಂದ ನಾನು ಕೈ ಚಾಚಿದರೆ ಕೂಗು ಬೀಳುತ್ತಿತ್ತು:

"ಕೈ ತೆಗಿ! ಅದೀಗ ಸಮುದ್ರದ ಮೇಲೆ ಉಂಟು!"

"ಕಿಟಕಿ ಸೀಟಾ ಚಿಕ್ಕಮ್ಮ?"

"ಬಾಯಿ ಮುಚ್ಚು. ಇಳಿಯುವ ಹೊತ್ತು."

ಇಳಿದ ಮೇಲೆ ಬಿಚ್ಚಿ ರುಚಿ ನೋಡುವುದು; ಇಲ್ಲಿ ಹಳಸದಿದ್ದರೆ ಅಲ್ಲೂ ಹಳಸಿಲ್ಲ ಎಂದರ್ಥ. ನನ್ನ ಡೈರಿಯ ಲೆಕ್ಕದಲ್ಲಿ ಒಂಬತ್ತು ಕಟ್ಟು ಹೋಗಿದ್ದವು, ಹಳಸಿದ್ದು ಸೊನ್ನೆ. ಎಂಥ ಪ್ರಯೋಗಶಾಲೆ ಎಂದು ನಾನು ಬೆರಗಾಗಿದ್ದೆ.

ಹತ್ತನೆಯದು ಮಳೆಗಾಲದ ಆಟಿ ತಿಂಗಳ ಪತ್ರೊಡೆ. ಪಡುಬಿದ್ರಿಯವರೊಬ್ಬರು ಒಯ್ದರು. ಮುಂಬೈಯಲ್ಲಿ ವಿಮಾನ ಕೆಟ್ಟು ಪ್ರಯಾಣ ಮರುದಿನಕ್ಕೆ ಹೋಯಿತು. ಸುದ್ದಿ ತಿಳಿದದ್ದೇ ಚಿಕ್ಕಮ್ಮ ಕಪಾಟಿನದ್ದನ್ನೂ ಮುಂಬೈಯಲ್ಲೇ ನಿಲ್ಲಿಸಿಬಿಟ್ಟರು! ಮಳೆ ಬಿಟ್ಟ ಸೆಕೆ ಬೇರೆ.

"ಈಗಲೇ ಬಿಚ್ಚಿ ತಿನ್ನುವ ಚಿಕ್ಕಮ್ಮ, ಹಾಳಾಗ್ತದೆ."

"ಅವರು ಅಲ್ಲಿ ಬಿಚ್ಚದೆ ನಾನು ಇಲ್ಲಿ ಬಿಚ್ಚುವುದೆಂತ? ಒಟ್ಟಿಗೆ ಉಣ್ಣುವುದು ಅಂದರೆ ನಮಗೆ ಇಷ್ಟೇ ಅಲ್ವಾ?"

ನನ್ನ ಪ್ರಯೋಗಶಾಲೆ ಅಲ್ಲಿಗೆ ಮುಚ್ಚಿತು.

ಮರುದಿನ ಸಂಜೆ, ಅಲ್ಲಿ ಮುಟ್ಟಿರಬಹುದಾದ ಹೊತ್ತಿಗೆ, ಕಟ್ಟು ಬಿಚ್ಚಿದರು. ನಾನೊಂದು ತುಂಡು ಬಾಯಿಗಿಟ್ಟೆ. ಪೂರಾ ಹಳಸಿತ್ತು! ಉಗುಳಿ ಬರುವಷ್ಟರಲ್ಲಿ ಫೋನ್ ಬಂತು. ಚಿಕ್ಕಪ್ಪನ ಧ್ವನಿ ಅಡುಗೆಮನೆಗೂ ಕೇಳುವಂಥದ್ದು.

"ಮುಟ್ಟಿತು ಮಾರಾಯ್ತಿ! ಫಸ್ಟ್ ಕ್ಲಾಸ್ ಉಂಟು. ನಾಲ್ಕು ತುಂಡು ಆಗಲೇ ಖಾಲಿ!"

ಚಿಕ್ಕಮ್ಮನ ಬಾಯಲ್ಲೂ ಒಂದು ತುಂಡು ಇತ್ತು. ಅವರು ಉಗುಳಲಿಲ್ಲ. ನಿಧಾನವಾಗಿ ಅಗಿದು ನುಂಗಿದರು.

"ಹೌದು," ಎಂದರು. "ನನ್ನದೂ ಹಾಗೆಯೇ ಉಂಟು."

ಮತ್ತೆ ಇನ್ನೊಂದು ತುಂಡಿಗೆ ಕೈ ಹಾಕಿದರು.